ಕುಡಿತ ಬಿಟ್ಟ ಮೊದಲ ವಾರಗಳ ಆತಂಕ: ಕೊಡಗಿನ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕುಡಿತ ಬಿಟ್ಟ ಎರಡನೇ ವಾರ ಮತ್ತೆ ಗ್ಲಾಸು ಹಿಡಿಯುವವರಲ್ಲಿ ಬಹಳ ಮಂದಿ ಮೋಜಿಗಾಗಿ ಹಿಡಿಯುವುದಿಲ್ಲ. ಎದೆ ಡವಡವ, ಕೈ ನಡುಕ, ಕಾರಣವೇ ಇಲ್ಲದ ಗಾಬರಿ, ರಾತ್ರಿ ಎರಡು ಗಂಟೆಗೆ ಬೆವತು ಎಚ್ಚರಾಗುವುದು, ಇವನ್ನು ತಾಳಲಾರದೆ ಹಿಡಿಯುತ್ತಾರೆ. ಒಂದು ಪೆಗ್ ಹಾಕಿದರೆ ಅರ್ಧ ಗಂಟೆಯಲ್ಲಿ ಎಲ್ಲವೂ ತಣ್ಣಗಾಗುತ್ತದೆ ಎಂಬುದು ಅವರಿಗೆ ಗೊತ್ತು. ಆ ಪೆಗ್ಗೇ ಮರುದಿನದ ಗಾಬರಿಯನ್ನು ಹುಟ್ಟಿಸುತ್ತದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಮದ್ಯ ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಹೆಚ್ಚಿಸುತ್ತದೆ, ಕೆರಳಿಸುವ ಗ್ಲುಟಮೇಟ್‌ನ ಕೆಲಸವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ದಿನವೂ ಕುಡಿದಾಗ ಮಿದುಳು ಸಮತೋಲಕ್ಕಾಗಿ ತನ್ನದೇ ಶಾಂತಿಯನ್ನು ಕಡಿಮೆ ಮಾಡಿಕೊಂಡು, ಕೆರಳುವ ಶಕ್ತಿಯನ್ನು ಏರಿಸಿಕೊಂಡಿರುತ್ತದೆ. ಕುಡಿತ ನಿಂತ ದಿನ ಆ ಕೆರಳಿಕೆ ಮಾತ್ರ ಉಳಿಯುತ್ತದೆ. ನಿಮಗೆ ಆಗುತ್ತಿರುವ ಆತಂಕ ಬಹುಪಾಲು ಇದೇ. ಇದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ. ಇದಕ್ಕೊಂದು ಅವಧಿ ಇದೆ. ಆ ಅವಧಿಯನ್ನು ಸುರಕ್ಷಿತವಾಗಿ ದಾಟುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ತೀರ್ಮಾನಿಸಬೇಕಾದ್ದು: ಮನೆಯಲ್ಲೋ, ಆಸ್ಪತ್ರೆಯಲ್ಲೋ

ಈ ಹೆಜ್ಜೆಯನ್ನು ಹಾರಿಸಬೇಡಿ. ಉಸಿರಾಟ, ನಡಿಗೆ, ಕಷಾಯ ಎಲ್ಲವೂ ಇದರ ನಂತರ.

180 ಮಿಲಿಯ ಒಂದು ಕ್ವಾರ್ಟರ್ ರಮ್ ಅಥವಾ ಬ್ರಾಂದಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ದಿನವೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಕುಡಿಯುವವರು, ಬೆಳಿಗ್ಗೆ ಕೈ ನಡುಕ ನಿಲ್ಲಿಸಲು ಕುಡಿಯುವವರು, ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಭ್ರಮೆ ಬಂದವರು, ಲಿವರ್, ಹೃದಯ ಅಥವಾ ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಅರವತ್ತು ದಾಟಿದವರು, ಮನೆಯಲ್ಲಿ ಒಂಟಿಯಾಗಿರುವವರು ವೈದ್ಯರನ್ನು ಕಾಣದೆ ಒಮ್ಮೆಲೇ ನಿಲ್ಲಿಸಬಾರದು. ಈಗಾಗಲೇ ನಿಲ್ಲಿಸಿದ್ದರೆ ಇವತ್ತೇ ಹೋಗಿ.

ಕೊನೆಯ ಪೆಗ್‌ನಿಂದ ಲೆಕ್ಕ ಹಾಕಿದರೆ, ನಡುಕ, ಬೆವರು, ವಾಕರಿಕೆ, ಗಾಬರಿ ಆರರಿಂದ ಹನ್ನೆರಡು ಗಂಟೆಯೊಳಗೆ ಶುರುವಾಗುತ್ತವೆ. ಫಿಟ್ಸ್ ಬರುವ ಅಪಾಯ ಹೆಚ್ಚಾಗಿ 6ರಿಂದ 48 ಗಂಟೆಗಳಲ್ಲಿ. ಡೆಲಿರಿಯಂ ಎಂಬ ಘೋರ ಸ್ಥಿತಿ, ಅಂದರೆ ದಿನ, ಜಾಗ ಗೊತ್ತಾಗದಿರುವುದು, ಇಲ್ಲದ ಹುಳು, ಹಾವು, ಮನುಷ್ಯರು ಕಾಣುವುದು, ಜ್ವರ, ವಿಪರೀತ ಬೆವರು, ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನ ಬರುತ್ತದೆ. ಇದಕ್ಕೆ ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಗಾಳಿ ಸೋಕಿದೆ ಎಂದು ನಿಂಬೆಹಣ್ಣು ಇಳಿಸುತ್ತಾ ಕೂರುವ ಹೊತ್ತಲ್ಲ ಅದು. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ಜೀಪಿನಲ್ಲಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಆಸ್ಪತ್ರೆಯಲ್ಲಿ ಮಾಡುವುದು ಸರಳ. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಂ ಅಥವಾ ಲಿವರ್ ಕೆಟ್ಟಿದ್ದರೆ ಲೋರಾಜೆಪಾಂನಂಥ, ಮಿದುಳಿನ ಕೆರಳಿಕೆ ತಗ್ಗಿಸುವ ಔಷಧ ಕೊಟ್ಟು, ಕೆಲವು ದಿನಗಳಲ್ಲಿ ಇಳಿಸುತ್ತಾ ಬರುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಈ ವಿಟಮಿನ್ ಚಿಕ್ಕ ವಿಷಯವಲ್ಲ: ಇದರ ತೀವ್ರ ಕೊರತೆಯಿಂದ ಕಣ್ಣು, ನಡಿಗೆ, ನೆನಪು ಮೂರೂ ಕೆಡಬಹುದು. ಸುಸ್ತಾಗಿದ್ದಾನೆ ಎಂದು ಸೀದಾ ಗ್ಲುಕೋಸ್ ಹಾಕಿಸಲು ಓಡುವವರು, ರೋಗಿ ದಿನವೂ ಕುಡಿಯುತ್ತಿದ್ದ ಎಂಬುದನ್ನು ಅಲ್ಲಿ ಬಾಯಿಬಿಟ್ಟು ಹೇಳಿ. ಆಗ ಥಯಾಮಿನ್ ಮೊದಲು ಅಥವಾ ಜೊತೆಯಲ್ಲೇ ಕೊಡುತ್ತಾರೆ. ಮಾನ ಹೋಗುತ್ತದೆಂದು ಕುಡಿತವನ್ನು ಮುಚ್ಚಿಟ್ಟರೆ ತಪ್ಪಾದ ಚಿಕಿತ್ಸೆ ಸಿಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಎರಡು ಸಂದರ್ಭಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಒಂದು, ಅಯ್ಯಪ್ಪ ಮಾಲೆ. 41 ದಿನದ ವ್ರತಕ್ಕೆಂದು ದಿನವೂ ಕುಡಿಯುವವರು ಒಂದೇ ರಾತ್ರಿಯಲ್ಲಿ ನಿಲ್ಲಿಸುತ್ತಾರೆ. ವ್ರತದ ಬಲ ದೊಡ್ಡದು, ಅದನ್ನು ಬಳಸಿಕೊಳ್ಳಿ; ಆದರೆ ಮಾಲೆ ಹಾಕುವ ವಾರಕ್ಕೆ ಮುಂಚೆ ವೈದ್ಯರನ್ನು ಕಂಡು ಬನ್ನಿ. ಎರಡು, ಮದ್ಯವರ್ಜನ ಶಿಬಿರ. ಸೇರುವಾಗ ಎಷ್ಟು ಕುಡಿಯುತ್ತಿದ್ದೀರಿ, ಕೊನೆಯ ಬಾರಿ ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ನಿಜ ಹೇಳಿ, ಮೊದಲ ದಿನಗಳಲ್ಲಿ ವೈದ್ಯರು ಬರುತ್ತಾರೆಯೇ ಎಂದು ಕೇಳಿಯೇ ಸೇರಿ.

ಎಲ್ಲಿಗೆ ಹೋಗುವುದು? ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ. ಮನೋರೋಗ ವಿಭಾಗವನ್ನು ಕೇಳಿ. ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ತಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳಿ. ಫೋನಿನಲ್ಲಿ ಮಾತಾಡಲು ಟೆಲಿ ಮಾನಸ್ 14416 ಇದೆ, ಹಗಲು ರಾತ್ರಿ, ಕನ್ನಡದಲ್ಲೇ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಮನೆಯನ್ನು ಸಿದ್ಧಮಾಡುವುದು

ಬಾಟಲಿಗಳನ್ನು ಹೊರಹಾಕುವುದು ಎಲ್ಲರಿಗೂ ತಿಳಿದದ್ದೇ. ಮರೆತುಹೋಗುವ ಜಾಗಗಳನ್ನು ಹೇಳುತ್ತೇವೆ: ಅತಿಥಿಗಳಿಗೆಂದು ಎತ್ತಿಟ್ಟ ಮನೆ ವೈನ್, ಕಾಫಿ ಗೋದಾಮಿನ ಮೂಲೆ, ಜೀಪಿನ ಸೀಟಿನಡಿ, ಕೇಕಿಗೆಂದು ತಂದ ರಮ್. ದ್ರಾಕ್ಷಿಯದ್ದಾಗಲಿ, ನೆಲ್ಲಿಕಾಯಿಯದ್ದಾಗಲಿ ಮನೆ ವೈನ್ ಮದ್ಯವೇ. ಆಯುರ್ವೇದದ ಅರಿಷ್ಟ, ಆಸವಗಳಲ್ಲೂ ಹುಳಿಯುವಾಗ ಹುಟ್ಟಿದ ಮದ್ಯಸಾರ ಇರುತ್ತದೆ, ಹಸಿವಿಗೆಂದು ಕುಡಿಯಬೇಡಿ.

ಇನ್ನೊಂದು ವಿಷಯವನ್ನು ಬಹಳ ಮನೆಗಳಲ್ಲಿ ಬಾಯಿಬಿಟ್ಟು ಮಾತಾಡುವುದಿಲ್ಲ, ಇಲ್ಲಿ ಹೇಳಲೇಬೇಕು. ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ಸಾಯಬೇಕೆಂಬ ಯೋಚನೆ ಕೆಲವರಿಗೆ ಇದ್ದಕ್ಕಿದ್ದಂತೆ ಬರುತ್ತದೆ, ಇದ್ದಕ್ಕಿದ್ದಂತೆ ಹೋಗುತ್ತದೆ. ಕೊಡಗಿನ ಮನೆಗಳಲ್ಲಿ ಕೋವಿ ಇರುತ್ತದೆ, ತೋಟದ ಕೀಟನಾಶಕ ಇರುತ್ತದೆ. ಕೋವಿಯನ್ನು ತೋಟಾ ಸಮೇತ ನಂಬಿಕಸ್ಥ, ಅದನ್ನು ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿರುವ ಬಂಧುವಿನ ಮನೆಗೆ ಒಂದೆರಡು ತಿಂಗಳ ಮಟ್ಟಿಗೆ ಕಳಿಸಿ; ಆಗದಿದ್ದರೆ ಬೀಗ ಹಾಕಿ, ಕೀಲಿ ಬೇರೆಯವರ ಬಳಿ ಇರಲಿ. ಕೀಟನಾಶಕ, ಕಳೆನಾಶಕಗಳಿಗೂ ಬೀಗ. ಇದರಲ್ಲಿ ಅವಮಾನವಿಲ್ಲ. ಅಂಥ ಯೋಚನೆ ಬಂದರೆ ಮನೆಯವರಿಗೆ ಹೇಳಿ, 14416ಕ್ಕೆ ಕರೆ ಮಾಡಿ, ಆ ರಾತ್ರಿ ಒಂಟಿಯಾಗಿ ಮಲಗಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬಿಡುವವರಿಗೆ ಬೇರೆ ತಯಾರಿ ಬೇಕು. ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ, ಮರ ಬಿದ್ದು ರಸ್ತೆ ಮುಚ್ಚುತ್ತದೆ. ಮುಖ್ಯ ನಂಬರುಗಳನ್ನು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಜೀಪು ಇರುವ ನೆರೆಯವರಿಗೆ ಮೊದಲೇ ಹೇಳಿಡಿ. ಮಾತ್ರೆ ಒಂದು ವಾರಕ್ಕೆ ಹೆಚ್ಚೇ ಇರಲಿ, ಆದರೆ ಮನೆಯವರ ಕೈಯಲ್ಲಿ. ಸಾಧ್ಯವಾದರೆ ಮೊದಲ ಐದು ದಿನ ಪೇಟೆಯ ಬಂಧುಗಳ ಮನೆಯಲ್ಲಿರುವುದು ಒಳ್ಳೆಯದು. ಚಳಿಗೆ ಒಂದು ಪೆಗ್ ಬೇಕು ಎಂಬ ಮಾತನ್ನು ಮಳೆಗಾಲದಲ್ಲಿ ಹತ್ತು ಸಲ ಕೇಳುತ್ತೀರಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗೆನಿಸುತ್ತದೆ, ನಿಜದಲ್ಲಿ ಮೈ ಬಿಸಿ ಹೊರಹೋಗುತ್ತಿರುತ್ತದೆ. ಕಂಬಳಿ, ಬಿಸಿನೀರಿನ ಸ್ನಾನ, ಒಲೆಯ ಮುಂದೆ ಅರ್ಧ ಗಂಟೆ, ಇವೇ ಚಳಿಗೆ ಮದ್ದು.

ಕಾಫಿ

ಕಾಫಿ ಬೆಳೆಯುವ ನಾಡಿನಲ್ಲಿ ಈ ಮಾತು ಯಾರಿಗೂ ಹಿಡಿಸುವುದಿಲ್ಲ. ಆದರೂ ಆತಂಕ ಇಳಿಸಲು ನಿಮ್ಮ ಕೈಯಲ್ಲೇ ಇರುವ ಅತಿ ದೊಡ್ಡ ಉಪಾಯ ಇದು. ಕುಡಿತ ಬಿಟ್ಟವರು ಅರಿವಿಲ್ಲದೆ ಕಾಫಿ ಏರಿಸುತ್ತಾರೆ, ದಿನಕ್ಕೆ ಆರೇಳು ಲೋಟ ಆಗಿಬಿಡುತ್ತದೆ. ಕೆಫೀನ್ ಎದೆಬಡಿತ ಹೆಚ್ಚಿಸುತ್ತದೆ, ಕೈ ನಡುಗಿಸುತ್ತದೆ, ನಿದ್ದೆ ಕೆಡಿಸುತ್ತದೆ. ಕೆರಳಿರುವ ಮಿದುಳಿಗೆ ಅದು ಗಾಬರಿಯಾಗಿಯೇ ತೋರುತ್ತದೆ. ಜೊತೆಗೆ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇದೆ. ಸ್ವಂತ ತೋಟದ ರೊಬಸ್ಟಾ ಹುರಿದು ಪುಡಿ ಮಾಡಿಸಿದ ಬೆಲ್ಲದ ಕಾಫಿ ಒಂದು ಲೋಟವೆಂದರೆ ಲೆಕ್ಕದಲ್ಲಿ ಎರಡು.

ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರುತ್ತದೆ. ಎರಡು ದಿನಕ್ಕೊಂದು ಲೋಟದಂತೆ ಇಳಿಸಿ, ದಿನಕ್ಕೆ ಎರಡಕ್ಕೆ ತನ್ನಿ, ಎರಡೂ ಮಧ್ಯಾಹ್ನ ಹನ್ನೆರಡರೊಳಗೆ ಮುಗಿಯಲಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಕಾಫಿ ರಾತ್ರಿ ಹತ್ತಕ್ಕೂ ಒಳಗಿರುತ್ತದೆ. ಅರೇಬಿಕಾ ಪುಡಿಗೆ ಬದಲಾಯಿಸಿಕೊಳ್ಳಿ, ಚಿಕೋರಿ ಸ್ವಲ್ಪ ಹೆಚ್ಚಿದ್ದರೂ ಸರಿ, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಸಂಜೆಗೆ ಜೀರಿಗೆ ಕಷಾಯ, ಏಲಕ್ಕಿ ಹಾಕಿದ ಬಿಸಿ ಹಾಲು ಅಥವಾ ಶುಂಠಿ ಬೆಲ್ಲದ ನೀರು. ಸಿಗರೇಟು, ಬೀಡಿ, ಹೊಗೆಸೊಪ್ಪನ್ನು ಇದೇ ವಾರ ಬಿಡಬೇಕೆಂದಿಲ್ಲ, ಆದರೆ ಏರಲು ಬಿಡಬೇಡಿ. ನಿಕೋಟಿನ್ ಕೂಡ ಎದೆ ಬಡಿತ ಏರಿಸುವುದೇ.

ಊಟ, ನೀರು, ನಿದ್ದೆ, ಕೆಲಸ

ಹಸಿದ ಹೊಟ್ಟೆಯ ನಡುಕಕ್ಕೂ ಆತಂಕದ ನಡುಕಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಎದ್ದ ಒಂದು ಗಂಟೆಯೊಳಗೆ ಏನಾದರೂ ತಿನ್ನಿ, ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಮೊದಲ ಎರಡು ಮೂರು ದಿನ ಹೊಟ್ಟೆ ತೊಳಸುವಾಗ ಉಪ್ಪು ಹಾಕಿದ ಗಂಜಿ, ಮಜ್ಜಿಗೆ, ಬಾಳೆಹಣ್ಣು, ಕಿತ್ತಳೆ ಸಾಕು. ಆಮೇಲೆ ಅಕ್ಕಿರೊಟ್ಟಿ, ಕಡಂಬುಟ್ಟು, ನೂಲ್‌ಪುಟ್ಟು ಯಾವುದಾದರೂ ಆಗಲಿ, ಪಕ್ಕದಲ್ಲಿ ಮೊಟ್ಟೆ ಅಥವಾ ಕಾಳಿನ ಪಲ್ಯ ಇರಲಿ. ಬರೀ ಬಿಳಿ ಅಕ್ಕಿಯಲ್ಲಿ ಬಿ1 ಬಹಳ ಕಡಿಮೆ. ಹಂದಿ ಮಾಂಸದಲ್ಲಿ ಬಿ1 ಧಾರಾಳವಾಗಿದೆ. ಆದರೆ ಪಂದಿ ಕರಿಯ ವಾಸನೆ ಬಂದೊಡನೆ ರಮ್ ನೆನಪಾಗುವವರು ಮೊದಲ ತಿಂಗಳು ಅದನ್ನು ಮಧ್ಯಾಹ್ನದ ಊಟಕ್ಕೆ ಮಾತ್ರ ಮಾಡಿಸಿಕೊಳ್ಳಿ, ರಾತ್ರಿಗೆ ಬೇಡ. ಊಟ ಎಷ್ಟು ಚೆನ್ನಾಗಿದ್ದರೂ ವೈದ್ಯರು ಬರೆದ ಥಯಾಮಿನ್ ಮಾತ್ರೆ ಬಿಡಬೇಡಿ. ಕುಡಿತದಿಂದ ಸೊರಗಿದ ಕರುಳು ಊಟದಿಂದ ಅದನ್ನು ಸರಿಯಾಗಿ ಹೀರುವುದಿಲ್ಲ.

ನಿದ್ದೆ ಎಲ್ಲಕ್ಕಿಂತ ತಡವಾಗಿ ಸರಿಹೋಗುತ್ತದೆ. ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಕುಡಿದಂತೆ ಕನಸು ಬಿದ್ದು ತಪ್ಪಿತಸ್ಥ ಭಾವದಿಂದ ಎದ್ದರೆ ಹೆದರಬೇಡಿ, ಅದು ಬಹಳ ಮಂದಿಗೆ ಬರುವ ಕನಸು. ಮಲಗುವ ಹೊತ್ತು ಹಿಂದೆಮುಂದೆ ಆದರೂ ಏಳುವ ಹೊತ್ತು ಒಂದೇ ಇರಲಿ. ಇಪ್ಪತ್ತು ನಿಮಿಷವಾಯಿತೆನಿಸಿದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮತ್ತೆ ಹೋಗಿ ಮಲಗಿ. ಗಡಿಯಾರ ನೋಡಬೇಡಿ.

ದಿನಕ್ಕೆ ಅರ್ಧ ಗಂಟೆ ಮೈ ಬೆಚ್ಚಗಾಗುವಂತೆ ನಡೆಯಿರಿ. ನಸುಕಿನ ನಡಿಗೆ ಒಳ್ಳೆಯದೆಂದು ಬಯಲುಸೀಮೆಯವರು ಹೇಳಬಹುದು. ಆನೆ ಓಡಾಡುವ ಸಿದ್ದಾಪುರ, ತಿತಿಮತಿ ಕಡೆಯವರು ನಸುಕಿನಲ್ಲೂ ಮುಸ್ಸಂಜೆಯಲ್ಲೂ ರಸ್ತೆಗಿಳಿಯಬೇಡಿ. ಬೆಳಕಾದ ಮೇಲೆ ಹೋಗಿ, ಇಲ್ಲವೇ ಕಾಫಿ ಕಣದಲ್ಲೇ ಸುತ್ತು ಹಾಕಿ.

ಮೊದಲ ವಾರ ಕಾಳುಮೆಣಸು ಕೊಯ್ಯಲು ಏಣಿ ಹತ್ತಬಾರದು, ಮರ ಕಪಾತಿಗೆ ಏರಬಾರದು, ಕಳೆ ಕತ್ತರಿಸುವ ಯಂತ್ರ ಹಿಡಿಯಬಾರದು, ವಾಹನ ಓಡಿಸಬಾರದು, ಹೊಳೆಯಲ್ಲೋ ಕೆರೆಯಲ್ಲೋ ಒಂಟಿಯಾಗಿ ಇಳಿಯಬಾರದು. ಫಿಟ್ಸ್ ಅಥವಾ ತಲೆಸುತ್ತು ಬಂದರೆ ಇವೆಲ್ಲ ಜೀವಕ್ಕೇ ಮುಳುವು, ಮಾತ್ರೆಯಿಂದ ಮಂಪರೂ ಇರುತ್ತದೆ. ಒಮ್ಮೆ ಫಿಟ್ಸ್ ಬಂದವರು ವೈದ್ಯರು ಹೇಳುವವರೆಗೂ ಕಾಯಲೇಬೇಕು. ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕರಿಗೆ ಕೂಲಿ ಬಿಟ್ಟು ಕೂರಲಾಗುವುದಿಲ್ಲ. ಅಂಥವರು ತೋಟದ ರೈಟರ್‌ಗೆ (ಮೇಲ್ವಿಚಾರಕರಿಗೆ) ವಿಷಯ ತಿಳಿಸಿ, ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವುದು, ಕಣದಲ್ಲಿ ಕಾಫಿ ಹರಡುವುದು ಮುಂತಾದ ನೆಲದ ಮೇಲಿನ ಕೆಲಸ ಕೇಳಿ. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ, ದಯವಿಟ್ಟು ಕೊಡಿ.

ಗಾಬರಿ ಏರಿ ಬಂದಾಗ: ಇಪ್ಪತ್ತು ನಿಮಿಷದ ಕ್ರಮ

ಮೊದಲ ವಾರದ ನಂತರ ಆತಂಕ ಇಡೀ ದಿನ ಇರುವುದಿಲ್ಲ, ಬಂದು ಬಂದು ಹೋಗುತ್ತದೆ. ಕುಡಿಯುವ ಚಪಲವೂ ಹಾಗೆಯೇ: ಏರುತ್ತದೆ, ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆಗೆ ಮಾಡಬೇಕಾದ್ದನ್ನು ಮೊದಲೇ ಅಭ್ಯಾಸ ಮಾಡಿಟ್ಟುಕೊಳ್ಳಿ. ಗಾಬರಿಯಾದ ಮೇಲೆ ಕಲಿಯಲು ಆಗುವುದಿಲ್ಲ, ಆದ್ದರಿಂದ ದಿನಕ್ಕೆರಡು ಸಲ, ಸಮಾಧಾನವಾಗಿರುವಾಗಲೇ ಮಾಡಿ.

1. ಗಡಿಯಾರ ನೋಡಿ ಸಮಯ ಬರೆಯಿರಿ. ಹತ್ತರಲ್ಲಿ ಎಷ್ಟು ಗಾಬರಿ ಎಂದು ಅಂಕ ಹಾಕಿ.

2. ಪಾದ ಎರಡೂ ನೆಲಕ್ಕೆ ತಾಗುವಂತೆ ಕೂರಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಬಾಯಿ ಸ್ವಲ್ಪ ತೆರೆದು ಆರು ಎಣಿಸುವಷ್ಟು ಹೊರಗೆ. ಐದು ನಿಮಿಷ. ಇಲ್ಲಿ ಆಗುವ ತಪ್ಪು ಒಂದೇ: ಜೋರಾಗಿ, ಎದೆ ತುಂಬ ಎಳೆಯುವುದು. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ, ಗಾಬರಿ ಹೆಚ್ಚುತ್ತದೆ. ಉಸಿರು ಸಣ್ಣದಾಗಿರಲಿ, ಬಿಡುವುದು ಉದ್ದವಾಗಿರಲಿ.

3. ತಣ್ಣೀರಿನಲ್ಲಿ ಮುಖ ತೊಳೆಯಿರಿ. ಒಂದು ಲೋಟ ಮಜ್ಜಿಗೆ ಅಥವಾ ನಿಂಬೆ ಶರಬತ್ತು ಕುಡಿದು ಏನಾದರೂ ತಿನ್ನಿ.

4. ಕೈಗೆ ಕೆಲಸ ಕೊಡಿ. ಮೆಣಸು ಆರಿಸುವುದು, ಏಲಕ್ಕಿ ಬಿಡಿಸುವುದು, ಸೌದೆ ಜೋಡಿಸುವುದು, ಪಾತ್ರೆ ತೊಳೆಯುವುದು. ಬೆರಳಿಗೂ ಕಣ್ಣಿಗೂ ಒಟ್ಟಿಗೆ ಕೆಲಸವಿದ್ದರೆ ಯೋಚನೆಗೆ ಜಾಗ ಕಡಿಮೆ. ಮೊಬೈಲ್ ನೋಡುವುದು ಇದಕ್ಕೆ ಸಮವಲ್ಲ.

5. ಇಪ್ಪತ್ತು ನಿಮಿಷದ ಬಳಿಕ ಮತ್ತೆ ಅಂಕ ಹಾಕಿ. ಏಳಿದ್ದದ್ದು ಐದಾಗಿದ್ದರೆ ಸಾಕು, ಸೊನ್ನೆಯಾಗಬೇಕಿಲ್ಲ. ಇಳಿಯದಿದ್ದರೆ ಒಬ್ಬರಿಗೆ ಫೋನ್ ಮಾಡಿ.

ಎರಡು ವಾರ ಈ ಅಂಕಗಳನ್ನು ಬರೆದಿಟ್ಟರೆ ಗಾಬರಿ ಯಾವ ಹೊತ್ತಿಗೆ ಬರುತ್ತದೆಂದು ಕಾಣುತ್ತದೆ. ಬಹಳ ಮಂದಿಗೆ ಅದು ಸಂಜೆ ಐದರಿಂದ ಎಂಟು, ಹಿಂದೆ ಕುಡಿಯುತ್ತಿದ್ದ ಹೊತ್ತು. ಆ ಮೂರು ಗಂಟೆಗೆ ದಿನಚರಿ ಬರೆದಿಡಿ: ಐದಕ್ಕೆ ತಿಂಡಿ, ಆರಕ್ಕೆ ಸ್ನಾನ, ಏಳಕ್ಕೆ ಆಕಾಶವಾಣಿಯೋ ಮಕ್ಕಳ ಪಾಠವೋ, ಎಂಟಕ್ಕೆ ಊಟ. ಹೊಟ್ಟೆ ತುಂಬಿದ ಮೇಲೆ ಚಪಲ ಇಳಿಯುತ್ತದೆ.

ಎದೆನೋವು ಭುಜಕ್ಕೋ ದವಡೆಗೋ ಹರಡಿದರೆ, ಉಸಿರು ಕಟ್ಟಿದರೆ, ಹತ್ತು ನಿಮಿಷ ಕೂತರೂ ಕಡಿಮೆಯಾಗದಿದ್ದರೆ ಅದನ್ನು ಆತಂಕವೆಂದು ನೀವೇ ತೀರ್ಮಾನಿಸದೆ ಆಸ್ಪತ್ರೆಗೆ ಹೋಗಿ.

ಮದುವೆ, ಹಬ್ಬ, ಕ್ಯಾಂಟೀನು, ಸಂತೆ

ಕೊಡಗಿನಲ್ಲಿ ಕುಡಿಯದೆ ಇರುವುದಕ್ಕಿಂತ, ಕುಡಿಯುವುದಿಲ್ಲ ಎಂದು ಹೇಳುವುದೇ ಕಷ್ಟ. ಮೊದಲ ಆರು ವಾರ ಮದುವೆಯ ಹಿಂದಿನ ಸಂಜೆಗಳನ್ನು ಬಿಡಿ, ಮರುದಿನ ಮುಹೂರ್ತಕ್ಕೆ ಹೋಗಿ ಊಟ ಮಾಡಿ ಬನ್ನಿ. ಯಾರೂ ಬೇಸರಿಸುವುದಿಲ್ಲ. ಹೋಗಲೇಬೇಕಾದರೆ ಊಟ ಮಾಡಿಕೊಂಡೇ ಹೋಗಿ, ಕುಡಿಯದವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಹಿಂತಿರುಗುವ ವಾಹನ ಕುಡಿಯುವವರ ಕೈಯಲ್ಲಿ ಇರಬಾರದು. ಹೋದೊಡನೆ ಕೈಯಲ್ಲಿ ಶರಬತ್ತಿನ ಲೋಟ ಹಿಡಿಯಿರಿ, ಖಾಲಿ ಕೈ ಕಂಡರೆ ಯಾರಾದರೂ ತುಂಬುತ್ತಾರೆ. ಉತ್ತರ ಚಿಕ್ಕದಿರಲಿ: "ಬೇಡ ಬಾವ, ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ." ಮತ್ತೆ ಕೇಳಿದರೆ ಅದೇ ಮಾತು. ಕಾರಣ ವಿವರಿಸಲು ಹೋದರೆ ವಾದ ಶುರುವಾಗುತ್ತದೆ.

ಕೈಲ್‌ಪೊದು, ಪುತ್ತರಿ ಹಬ್ಬಗಳಲ್ಲಿ, ಒಕ್ಕದ (ಕುಲದ) ಕಾರ್ಯಗಳಲ್ಲಿ ಗತಿಸಿದ ಹಿರಿಯರಿಗೆ ಮೀದಿ, ಅಂದರೆ ಎಡೆ, ಇಡುವಾಗ ಮದ್ಯ ಮುಟ್ಟಬೇಕಾಗಿ ಬರಬಹುದು. ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಹಿರಿಯರಿಗೆ ಮೊದಲೇ ತಿಳಿಸಿ, ಈ ವರ್ಷ ಆ ಕೆಲಸವನ್ನು ಇನ್ನೊಬ್ಬರು ಮಾಡಲಿ. ನೀವು ದೀಪ ಹಚ್ಚಿ, ಕದಿರು ತನ್ನಿ.

ನಿವೃತ್ತ ಸೈನಿಕರಿಗೆ ಸೇನಾ ಕ್ಯಾಂಟೀನಿನಲ್ಲಿ ಸಿಗುವ ಮದ್ಯದ ಕೋಟಾ ಒಂದು ದೊಡ್ಡ ಸೆಳೆತ. ಸಾಮಾನಿಗೆ ಹೋದಾಗ ಮದ್ಯದ ಕೌಂಟರಿನ ಕಡೆ ಹೋಗಬೇಡಿ, ಬಂಧುಗಳಿಗೆಂದೂ ತರಬೇಡಿ. "ನಿನ್ನ ಕೋಟಾದಲ್ಲಿ ಎರಡು ತಂದುಕೊಡು" ಎನ್ನುವವರಿಗೆ ಈ ತಿಂಗಳಿಂದ ಇಲ್ಲ ಎಂದುಬಿಡಿ. ಕೂಲಿ ಕೆಲಸದವರಿಗೆ ಬಟವಾಡೆಯ ದಿನ, ಸಂತೆಯ ದಿನ ಕಠಿಣ. ಹಣ ಮನೆಯವರ ಕೈಗೋ ಬ್ಯಾಂಕಿಗೋ ಹೋಗಲಿ, ಸಂತೆಗೆ ಬೆಳಿಗ್ಗೆಯೇ ಯಾರೊಂದಿಗಾದರೂ ಹೋಗಿ, ಮಧ್ಯಾಹ್ನದೊಳಗೆ ಮನೆ ಸೇರಿ.

ಮಾತ್ರೆಗಳ ವಿಷಯದಲ್ಲಿ ಆಗುವ ಅನಾಹುತ

ಮೆಡಿಕಲ್ ಶಾಪಿನಿಂದ ಆಲ್‌ಪ್ರಜೋಲಾಂ ಎಂಬ ಆತಂಕದ ಮಾತ್ರೆ ತಂದು ನುಂಗುವುದು ಮೊದಲನೆಯದು. ಗಾಬರಿ ಕೂಡಲೇ ಇಳಿಯುತ್ತದೆ, ಆದರೆ ಅದು ಮಿದುಳಿನಲ್ಲಿ ಮದ್ಯ ಮುಟ್ಟುವ ಜಾಗವನ್ನೇ ಮುಟ್ಟುವುದರಿಂದ ವಾರಗಳಲ್ಲೇ ಅದರ ಚಟ ಹತ್ತಬಹುದು. ಅದರ ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು. ಆಸ್ಪತ್ರೆಯಲ್ಲಿ ಇದೇ ಬಗೆಯ ಔಷಧವನ್ನು ಕೆಲವೇ ದಿನ, ಇಳಿಸುತ್ತಾ ಕೊಡುವುದು ಬೇರೆ ವಿಷಯ. ಉಳಿದ ಮಾತ್ರೆಗಳನ್ನು ಮುಂದಕ್ಕೆಂದು ಎತ್ತಿಡಬೇಡಿ.

ಎರಡನೆಯದು ಡೈಸಲ್ಫಿರಾಂ, ಕುಡಿತ ಬಿಡಿಸಲು ಕೊಡುವ ಮಾತ್ರೆ. ಇದನ್ನು ತೆಗೆದುಕೊಳ್ಳುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿದು, ರಕ್ತದೊತ್ತಡ ಅಪಾಯಕರವಾಗಿ ಇಳಿಯಬಹುದು. ಕೊನೆಯ ಮಾತ್ರೆಯಾಗಿ ಎರಡು ವಾರದವರೆಗೂ ಈ ಪ್ರತಿಕ್ರಿಯೆ ಬರಬಲ್ಲದು. ಗಂಡನಿಗೋ ಮಗನಿಗೋ ತಿಳಿಯದಂತೆ ಸಾರಿನಲ್ಲಿ ಬೆರೆಸುವುದು ಎಂದಿಗೂ ಬೇಡ, ಅದರಿಂದ ಸಾವೂ ಆಗಬಹುದು. ಕುಡಿಯುವ ಚಪಲಕ್ಕೆ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಔಷಧಗಳೂ ಇವೆ. ಲಿವರ್, ಕಿಡ್ನಿ ಪರೀಕ್ಷೆ ಮಾಡಿಸಿ ಯಾವುದು ಹೊಂದುತ್ತದೆಂದು ವೈದ್ಯರು ತೀರ್ಮಾನಿಸುತ್ತಾರೆ.

ಮನೆಯವರಿಗೆ

ಬಾಯಿ ಮೂಸಿ ನೋಡುವುದು, ಹಳೆಯ ಲೆಕ್ಕ ತೆಗೆಯುವುದು, ಮಕ್ಕಳ ಮೇಲೆ ಆಣೆ ಹಾಕಿಸುವುದು ಆತಂಕವನ್ನು ಏರಿಸುತ್ತವೆ. ನೋವು ನಿಮಗೂ ಇದೆ, ಅದನ್ನು ಹೇಳಿಕೊಳ್ಳಲು ಬೇರೆ ದಿನ ಬೇಕು, ಮೊದಲ ತಿಂಗಳು "ಈಗ ಹತ್ತರಲ್ಲಿ ಎಷ್ಟು?" ಎಂದು ಕೇಳಿ ಪಕ್ಕದಲ್ಲಿ ಕೂತರೆ ಸಾಕು. ಕುಡಿತ ಬಿಡುತ್ತಿರುವುದು ಮನೆಯ ಹೆಂಗಸಾದರೆ ವಿಷಯ ಹೊರಗೆ ಬಾರದಂತೆ ಮುಚ್ಚಿಡುವ ಒತ್ತಡ ಇನ್ನೂ ಹೆಚ್ಚು. ಅವರಿಗೂ ಆಸ್ಪತ್ರೆ ಅದೇ, ಅವರಿಗೆ ಬರುವ ಫಿಟ್ಸ್ ಅಪಾಯವೂ ಅದೇ.

ನಾಲ್ಕು ವಾರದ ಬಳಿಕ

ಹೆಚ್ಚಿನವರಲ್ಲಿ ಎರಡರಿಂದ ನಾಲ್ಕು ವಾರದೊಳಗೆ ಆತಂಕ ಗುರುತಿಸುವಷ್ಟು ಇಳಿದಿರುತ್ತದೆ. ನಾಲ್ಕು ವಾರ ಒಂದು ತೊಟ್ಟೂ ಕುಡಿಯದಿದ್ದರೂ ಅಂಕ ಇಳಿಯದಿದ್ದರೆ, ಕುಡಿತಕ್ಕೆ ಮುಂಚೆಯೇ ಇದ್ದ ಆತಂಕದ ಕಾಯಿಲೆಯೋ ಖಿನ್ನತೆಯೋ ಇರಬಹುದು. ಥೈರಾಯ್ಡ್ ಕೂಡ ನೋಡಿಸಬೇಕು. ಅಂಕ ಬರೆದ ಪುಸ್ತಕ ತೆಗೆದುಕೊಂಡು ಮನೋವೈದ್ಯರ ಬಳಿ ಹೋಗಿ. ಆತಂಕ, ಖಿನ್ನತೆಗೆ ಕೊಡುವ ಸರ್ಟ್ರಲಿನ್, ಎಸ್ಸಿಟಲೋಪ್ರಾಂ ಮೊದಲಾದ ಔಷಧಗಳಿಗೆ ಚಟ ಹತ್ತುವುದಿಲ್ಲ, ಆದರೆ ಕೆಲಸ ಕಾಣಲು ಎರಡರಿಂದ ಆರು ವಾರ ಬೇಕು, ಮೊದಲ ವಾರ ಚಡಪಡಿಕೆ ಸ್ವಲ್ಪ ಹೆಚ್ಚಬಹುದು. ಅದನ್ನು ತಿಳಿಯದೆ ಐದನೇ ದಿನ ಬಿಟ್ಟುಬಿಡುವವರಿದ್ದಾರೆ.

ನಡುವೆ ಮತ್ತೆ ಕುಡಿದುಬಿಟ್ಟರೆ ಅದೇ ದಿನ ಯಾರಿಗಾದರೂ ಹೇಳಿ. ಒಂದೆರಡು ಪೆಗ್‌ಗೆ ನಿಂತಿದ್ದರೆ ಅಲ್ಲಿಗೇ ನಿಲ್ಲಿಸಿ, ಮಾರನೆಯ ದಿನ ವೈದ್ಯರಿಗೆ ತಿಳಿಸಿ. ಹಲವು ದಿನ ಮುಂದುವರಿದಿದ್ದರೆ ಮನೆಯಲ್ಲೇ ಮತ್ತೆ ಒಮ್ಮೆಲೇ ನಿಲ್ಲಿಸಬೇಡಿ. ಬಿಡುವುದು, ಹಿಡಿಯುವುದು ಮರುಕಳಿಸಿದಷ್ಟೂ ಮಿದುಳು ಹೆಚ್ಚು ಕೆರಳುತ್ತದೆ. ಹೋದ ಸಲ ಬರೀ ನಡುಕ ಬಂದವರಿಗೆ ಈ ಸಲ ಫಿಟ್ಸ್ ಬರಬಹುದು. ಹೋದ ಸಲ ಮನೆಯಲ್ಲೇ ಬಿಟ್ಟಿದ್ದರೂ ಈ ಸಲ ಆಸ್ಪತ್ರೆಯಲ್ಲಿ ಬಿಡಿ.